ತೋಪಿನಯ್ಯನ ಉಗ್ರಾಣವಾಸ

ನಾನು ಮದುವೆಯಾಗಿ ಬಂದ ಊರಿನಲ್ಲಿ ಒಬ್ಬ ದೇವರಿದ್ದ. ಇದ್ದಾನೆ ಎಂದು ಹೇಳುತ್ತಿದ್ದರು ಅನ್ನುವುದೇ ಸರಿ. ಏಕೆಂದರೆ ನಾನು ಅವನನ್ನು ನೋಡಿರಲಿಲ್ಲ, ನಮ್ಮತ್ತೆ ನೋಡಿರಲಿಲ್ಲ, ಅತ್ತೆಯ ಅತ್ತೆಯೂ ನೋಡದೆಯೇ ಮಣ್ಣಾಗಿದ್ದರು. ಊರಾಚೆಯ ಹುಣಸೆ ತೋಪಿನಲ್ಲಿ ಅವನ ವಾಸ. ತೋಪಿನಯ್ಯ ಎಂದು ಕರೆಯುತ್ತಿದ್ದರು. ಅವನು ಗಂಡಸರ ದೇವರು. ಹೆಂಗಸಿನ ಕಣ್ಣು ಅವನ ಮೇಲೆ ಬೀಳಬಾರದು, ಅವನ ಕಣ್ಣು ಹೆಂಗಸಿನ ಮೇಲೆ ಬೀಳಬಾರದು. ತೋಪಿನ ಅಂಚಿಗೆ ಒಂದು ನಿಲುವುಗಲ್ಲು ನೆಟ್ಟಿತ್ತು. ಅದರಾಚೆ ಊರಿನ ಹೆಣ್ಣುನಾಯಿಯನ್ನೂ ಕಲ್ಲು ಬೀರಿ ಓಡಿಸುತ್ತಿದ್ದರು.

ನಾನು ಮಂಡ್ಯದಲ್ಲಿ ಬೆಳೆದವಳು. ನಮ್ಮಪ್ಪ ಕಚೇರಿಯಲ್ಲಿ ಗುಮಾಸ್ತರು. ನಾಲ್ಕಕ್ಷರ ಓದಿಸಿ, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಒಳಕ್ಕಿದ್ದ ಈ ಊರಿಗೆ, ಹೊಲ ಮನೆ ಇರುವ ಕುಟುಂಬಕ್ಕೆ ನನ್ನನ್ನು ಕೊಟ್ಟರು. ಬಂದ ವರ್ಷವೇ ತೋಪಿನಯ್ಯನ ಪರ ಬಂತು. ಪರ ಎಂದರೆ ದೇವರ ಹೆಸರಿನಲ್ಲಿ ಊರೆಲ್ಲ ಸೇರಿ ಉಣ್ಣುವ ಊಟ. ಊರೆಲ್ಲ ಎಂದರೆ ಇಲ್ಲಿ ಗಂಡಸರೆಲ್ಲ ಎಂದು ತಿಳಿಯಬೇಕು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅವರು ತೋಪಿಗೆ ಹೋಗಿ, ಮರಿ ಕಡಿದು, ತಾವೇ ಸಾರು ಕಾಯಿಸಿ, ತಾವೇ ಮುದ್ದೆ ಕಟ್ಟಿ, ತಾವೇ ತಿಂದು, ಮಿಕ್ಕಿದ್ದನ್ನು ಅಲ್ಲೇ ಗುಂಡಿ ತೋಡಿ ಹೂಳಿ ಬರಬೇಕು. ಒಂದು ತುಣುಕೂ ನಿಲುವುಗಲ್ಲು ದಾಟಿ ಮನೆಗೆ ಬರಬಾರದು.

ಇಷ್ಟೆಲ್ಲ ತಾವೇ ಮಾಡುವವರು ಮಸಾಲೆಯನ್ನು ಮಾತ್ರ ತಾವು ಅರೆಯುತ್ತಿರಲಿಲ್ಲ. ಹಿಂದಿನ ದಿನವೇ ನಮ್ಮತ್ತೆ ಮೆಣಸಿನಕಾಯಿ, ಕೊತ್ತಂಬರಿ ಬೀಜ ಹುರಿದು, ರಟ್ಟೆ ಬೀಳುವ ಹಾಗೆ ಅರೆದು, ಉಂಡೆ ಮಾಡಿ ಬೋಸಿಯಲ್ಲಿಟ್ಟು, ಬೆಳಗ್ಗೆ ನಿಲುವುಗಲ್ಲಿನವರೆಗೆ ಹೊತ್ತು ನೆಲದ ಮೇಲಿಟ್ಟು ಹಿಂದಕ್ಕೆ ಸರಿಯಬೇಕು. ಹೆಂಗಸಿನ ಕೈ ಅರೆದ ಮಸಾಲೆ ದೇವರಿಗೆ ಆಗುತ್ತದೆ, ಹೆಂಗಸು ಆಗುವುದಿಲ್ಲ. ಇದು ಯಾವ ನ್ಯಾಯ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಸಾಯಂಕಾಲ ನಾವು ಹೆಂಗಸರು ಸೊಪ್ಪಿನ ಸಾರು ಉಣ್ಣುತ್ತಿದ್ದಾಗ ಗಂಡಸರು ತೇಗುತ್ತಾ ಬಂದು ಜಗಲಿಯ ಮೇಲೆ ಒರಗಿಕೊಂಡು, ಸಾರಿಗೆ ಉಪ್ಪು ಹೆಚ್ಚಾಗಿತ್ತೇ ಕಡಿಮೆಯಾಗಿತ್ತೇ ಎಂದು ಜಗಳಕ್ಕೆ ಬಿದ್ದರು.

ಹೆಂಗಸರು ಯಾಕೆ ಹೋಗಬಾರದು ಎಂದು ನಾನು ನಮ್ಮೆಜಮಾನರನ್ನು ಕೇಳಿದೆ. ತೋಪಿನಯ್ಯ ಬ್ರಹ್ಮಚಾರಿ, ಅದಕ್ಕೆ ಎಂದರು. ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ ನನ್ನ ಮೈದುನ ಅದನ್ನೊಪ್ಪಲಿಲ್ಲ. ತೋಪಿನಯ್ಯ ಮನುಷ್ಯನಾಗಿದ್ದಾಗ ಹೆಂಡತಿಯ ಕೈಲಿ ಏಟು ತಿಂದು ತೋಪಿಗೆ ಓಡಿಹೋದವನು, ಇನ್ನೂ ಆ ಹೆದರಿಕೆ ಹೋಗಿಲ್ಲ ಎಂದ. ಬ್ರಹ್ಮಚಾರಿಗೆ ಹೆಂಡತಿ ಎಲ್ಲಿಂದ ಬಂದಳೋ ಅಣ್ಣತಮ್ಮಂದಿರೇ ತೀರ್ಮಾನ ಮಾಡಿಕೊಳ್ಳಲಿ ಎಂದು ನಾನು ಏಳುವಷ್ಟರಲ್ಲಿ, ಜಗಲಿಯಲ್ಲಿ ಕುಳಿತಿದ್ದ ಮಾವನವರು ಗಂಟಲು ಸರಿಮಾಡಿಕೊಂಡರು.

"ಆಟದ ಮಾತಲ್ಲ ಕಣ್ರುಲಾ ಅದು. ಹಿಂದೆ ಯಾವಳೋ ಒಬ್ಳು ತಪ್ಪುಸ್ಕಂಡಿದ್ದ ಹಸಿನ ಕರ ಹುಡೀಕಂಡು ತೋಪಿನ ವಳೀಕೆ ಓಗ್ಬುಟ್ಲು. ವರ್ಸ ತುಂಬೋಕೆ ಮುಂಚೆ ಅವಳ ಕೂಸು ಓಯ್ತು" ಎಂದರು. ಯಾವಳು, ಯಾವಾಗ ಎಂದು ಯಾರೂ ಕೇಳಲಿಲ್ಲ.

ಒಳಗೆ ಹೋಗಿ ಅತ್ತೆಯನ್ನೇ ಕೇಳಿದೆ. ಅವರು ಒಲೆಯ ಬೂದಿ ಬಳಿಯುತ್ತಾ, "ಗಂಡಸ್ರು ಮಾಡೋ ಅಡ್ಗೆಯ ಎಂಗಸ್ರು ನೋಡ್ಬಾರ್ದು ಅಂತ ಕಣಮ್ಮಿ. ನೋಡುದ್ರೆ ಇನ್ನೇನು ಮರ್ವಾದಿ ಉಳ್ದಾತು ಅವ್ರಿಗೆ?" ಎಂದು ನಕ್ಕರು. ನಾಲ್ಕು ಕಾರಣಗಳಲ್ಲಿ ನನಗೆ ಇದೇ ಒಪ್ಪಿಗೆಯಾಯಿತು.

ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ಮೋಟು ಆಳು, ಗಟ್ಟಿ ದನಿ. ಅವರ ಸೊಂಟದಲ್ಲಿ ಉಗ್ರಾಣದ ಬೀಗದ ಕೈ ಸದಾ ಸಿಕ್ಕಿಸಿರುತ್ತಿತ್ತು. ನಡುಮನೆಯ ಪಕ್ಕದ ಕತ್ತಲೆ ಕೋಣೆಯೇ ಉಗ್ರಾಣ. ರಾಗಿ, ಹುರುಳಿ, ಅವರೆ ತುಂಬಿದ ಮಣ್ಣಿನ ಗುಡಾಣಗಳು, ಉಪ್ಪಿನಕಾಯಿ ಜಾಡಿ, ಬೆಲ್ಲದ ಮಡಕೆ, ಎಲ್ಲ ಅಲ್ಲೇ. ಮನೆ ಮಾವನವರದ್ದು, ಹೊಲ ಮಾವನವರದ್ದು, ಮಾತು ಮಾವನವರದ್ದು. ಆ ಕೋಣೆಯೊಂದು ಅತ್ತೆಯದು. ಅಲ್ಲಿಂದ ಒಂದು ಮೆಣಸಿನಕಾಯಿ ಬೇಕಾದರೂ ಗಂಡಸರು ಅವರನ್ನು ಕೇಳಿಯೇ ತೆಗೆದುಕೊಳ್ಳಬೇಕಿತ್ತು. ಬೀಗ ತೆರೆಯುವಾಗ ಅವರ ಮುಖದ ಗತ್ತೇ ಬೇರೆ.

ಮರುವರ್ಷ ಕಾರ್ತೀಕ ಕಳೆಯುತ್ತಿದ್ದಂತೆ ನಮ್ಮ ಕಡೆಗೆ ನಾಲೆ ಬಂತು. ನೀರು ಬರುವುದಕ್ಕೆ ಮೊದಲು ಗೂಟ ಬಂತು. ಓವರ್ಸಿಯರು ಗೂಟ ಹೊಡೆಸಿಕೊಂಡು ಬಂದು ಬಂದು ಕಡೆಗೆ ತೋಪಿನ ನಟ್ಟನಡುವೆ, ತೋಪಿನಯ್ಯನ ಮೂಗಿನ ನೇರಕ್ಕೆ ಒಂದು ಹೊಡೆಸಿದ. ಊರಿನವರು ಕೂಗಾಡಿದರು, ಆಮೇಲೆ ನೀರಿನ ಆಸೆಗೆ ತಣ್ಣಗಾದರು. ನಾಲೆಯಾಚೆ ಹೊಸ ಜಾಗ ನೋಡಿ, ಕಟ್ಟೆ ಕಟ್ಟಿ, ಪರದ ದಿನ ದೇವರನ್ನು ಅಲ್ಲಿ ಕೂರಿಸುವುದೆಂದು ನಿಶ್ಚಯವಾಯಿತು. ಅಲ್ಲಿಯವರೆಗೆ ದೇವರು ಎಲ್ಲಿರಬೇಕು?

ಆ ಪಂಚಾಯಿತಿ ನಮ್ಮ ಜಗಲಿಯ ಮೇಲೆಯೇ ನಡೆಯಿತು. ನಾನು ಬಾಗಿಲ ಮರೆಯಿಂದ ಎಲ್ಲವನ್ನೂ ಕೇಳಿದೆ. ಮಾರಮ್ಮನ ಗುಡಿಯಲ್ಲಿ ಇಡೋಣವೆಂದರೆ ಮಾರಮ್ಮನೂ ಹೆಂಗಸೇ. ಈಶ್ವರನ ಗುಡಿ ಎಂದರೆ ಅಲ್ಲಿ ಪಾರ್ವತಿ ಇದ್ದಾಳೆ. ಚಾವಡಿ ಎಂದರೆ ಅದನ್ನು ಗುಡಿಸುವವಳು ಯಾರು? ಹೆಂಗಸಿನ ಕಾಲು ಬೀಳದ ಜಾಗ ಊರಿನಲ್ಲೆಲ್ಲಾದರೂ ಇದೆಯೇ ಎಂದು ಹುಡುಕಿ ಗಂಡಸರು ಸುಸ್ತಾದರು. ಕೊನೆಗೆ ಪೂಜಾರಪ್ಪ, ಎರಡು ಕಣ್ಣಿಗೂ ಪೊರೆ ಬಂದಿದ್ದ ಮುದುಕ, ಒಂದು ದಾರಿ ಹೇಳಿದ. ಹೆಂಗಸು ಕಾಲಿಡದ ಜಾಗ ಇಲ್ಲದಿದ್ದರೆ ಬೀಗ ಹಾಕಿ ಕಾಲಿಡದ ಹಾಗೆ ಮಾಡಬಹುದಲ್ಲ? ಊರಿನಲ್ಲಿ ಬೀಗವಿರುವ ಕೋಣೆ ಒಂದೇ. ಪರ ನಡೆಸುವ ಹೊಣೆಯೂ ಹಿಂದಿನಿಂದ ನಮ್ಮ ಮನೆಯದೇ.

ಮಾವನವರು ಒಳಗೆ ಬಂದು ಅಂಗೈ ಚಾಚಿದರು. ಅತ್ತೆ ಆ ಕೈಯನ್ನು ನೋಡಿದರು, ಮಾವನವರ ಮುಖ ನೋಡಿದರು.

"ನನ್ನ ಉಗ್ರಾಣ್ವೇ ಆಗ್ಬೇಕಿತ್ತಾ ಅವ್ನಿಗೆ?"

"ದ್ಯಾವ್ರ ಇಚಾರ. ಮಾತಾಡ್ಬ್ಯಾಡ, ಕೊಡು. ಪರ ಆದ್ಮೇಲೆ ಈಸ್ಕೊಳೀವಂತೆ."

ಬೀಗದ ಕೈ ಅತ್ತೆಯ ಸೊಂಟದಿಂದ ಮಾವನವರ ಉಡಿದಾರಕ್ಕೆ ಹೋಯಿತು.

ದೇವರನ್ನು ಜಾಗದಿಂದ ಎಬ್ಬಿಸುವ ಮೊದಲು ನಿದ್ದೆಗೆ ಹಾಕಬೇಕಂತೆ. ಎಂದರೆ ಬೆಳ್ಳಿಯ ಕಣ್ಣು ತೆಗೆದು, ವರ್ಷಾನುಗಟ್ಟಲೆ ಮೆತ್ತಿದ ಅರಿಶಿನ ಕುಂಕುಮವನ್ನೆಲ್ಲ ಹುಣಸೆ ಹಣ್ಣಿನಿಂದ ತಿಕ್ಕಿ ತೊಳೆಯಬೇಕು. ಬೆತ್ತಲೆ ದೇವರನ್ನು ಯಾರೂ ನೋಡಬಾರದೆಂದು ಗಂಡಸರೆಲ್ಲ ಬೆನ್ನು ತಿರುಗಿಸಿ ನಿಂತರು. ಪೊರೆಗಣ್ಣಿನ ಪೂಜಾರಪ್ಪ ಕೈಯಲ್ಲೇ ತಡವಿ ತೊಳೆದು, ಬಿಳಿ ಪಂಚೆಯಲ್ಲಿ ಸುತ್ತಿ, ಬಿದಿರಿನ ಮಂಕರಿಯಲ್ಲಿ ಹುಲ್ಲು ಹಾಸಿ ಮಲಗಿಸಿದ. ಮಂಕರಿ ಬರುವಾಗ ಊರಿನ ಹೆಂಗಸರೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದೆವು. ತೋಪಿನಯ್ಯ ನಮ್ಮ ಉಗ್ರಾಣ ಸೇರಿದ.

ಅಲ್ಲಿಂದ ನಮ್ಮ ಮನೆಯಲ್ಲಿ ಶುರುವಾದ ಪಜೀತಿಯನ್ನು ಏನೆಂದು ಹೇಳಲಿ! ಮೂರು ಹೊತ್ತಿನ ಅಡುಗೆಗೆ ಬೇಕಾದ್ದೆಲ್ಲ ಉಗ್ರಾಣದಲ್ಲಿ, ಒಳಗೆ ಹೋಗಬೇಕಾದವರು ಗಂಡಸರು. ಈ ಮನೆಯ ಗಂಡಸರಿಗೆ ಕೊತ್ತಂಬರಿ ಬೀಜ ಯಾವುದು, ಮೆಂತ್ಯ ಯಾವುದು ಎಂದು ತಿಳಿದಿರಲಿಲ್ಲ. ಅತ್ತೆ ನಡುಮನೆಯಲ್ಲಿ ಉಗ್ರಾಣಕ್ಕೆ ಬೆನ್ನು ಹಾಕಿ ಕುಳಿತು ಕೂಗುವರು, ಒಳಗಿನ ಕತ್ತಲೆಯಿಂದ ಮೈದುನ ಕೂಗುವನು.

"ಅವ್ವಾ, ಹುರುಳಿ ಎಲ್ಲೈತೆ?"

"ಎಡ್ಗಡೆ ಮೂಲೇಲಿ ಕಣ್ಲಾ, ಬಾಯಿ ಒಡ್ದಿರೋ ಗುಡಾಣ."

"ಎಲ್ಲಾದ್ರ ಬಾಯೂ ಒಡ್ದೈತೆ ಕಣವ್ವಾ!"

"ನಿನ್ನ ಬಾಯಿ ವಸಿ ಮುಚ್ಕೊಂಡು ಕೈ ಆಕಿ ನೋಡ್ಲಾ!"

ಹುರುಳಿ ಕೇಳಿದರೆ ಬಿತ್ತನೆಗೆ ಇಟ್ಟಿದ್ದ ಅಲಸಂದೆ ಬರುತ್ತಿತ್ತು. ಒಂದು ಹಿಡಿ ಕೇಳಿದರೆ ಒಂದು ಮೊರ ಬರುತ್ತಿತ್ತು. ನಮ್ಮೆಜಮಾನರು ಬೆಲ್ಲ ತರಲು ಹೋಗಿ ಬೆಲ್ಲ ತಿಂದುಕೊಂಡು ಬರುತ್ತಿದ್ದರು. ಒಳಗೆ ಏನೋ ಉರುಳಿದ ಸದ್ದು, ಏನೋ ಒಡೆದ ಸದ್ದು. ಏನಾಯಿತು ಎಂದರೆ, "ಏನೂ ಇಲ್ಲ ಕಣವ್ವಾ, ದ್ಯಾವ್ರು." ಒಡೆದ ಮಡಕೆಯ ಲೆಕ್ಕವನ್ನೆಲ್ಲ ತೋಪಿನಯ್ಯನ ತಲೆಗೇ ಕಟ್ಟಿದರು. ಅತ್ತೆ ಪ್ರತಿ ಸದ್ದಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸೊಂಟಕ್ಕೆ ಕೈ ಹೋಗುವುದು, ಬರಿ ಸೀರೆ ಸಿಕ್ಕಿ ವಾಪಸು ಬರುವುದು.

ಒಂದು ದಿನ ಮಳವಳ್ಳಿ ಕಡೆಯಿಂದ ಅತ್ತೆಯ ಒಡಹುಟ್ಟಿದ ಅಕ್ಕ ಹೇಳದೆ ಕೇಳದೆ ಬಂದುಬಿಟ್ಟರು. ಎಷ್ಟೋ ವರ್ಷಕ್ಕೆ ಬಂದಿದ್ದರು. ಮಾವನವರು ಬೀಗದ ಕೈ ಉಡಿದಾರದಲ್ಲೇ ಇಟ್ಟುಕೊಂಡು ಮದ್ದೂರು ಸಂತೆಗೆ ಹೋಗಿದ್ದರು. ಮನೆಯಲ್ಲಿ ಹಿಡಿ ಹಿಟ್ಟಿಲ್ಲ, ಚಿಟಿಕೆ ಉಪ್ಪಿಲ್ಲ. ತನ್ನ ಮನೆಯಲ್ಲಿ ಗುಡಾಣ ತುಂಬ ರಾಗಿ ಇಟ್ಟುಕೊಂಡು ಅತ್ತೆ ಮೊರ ಹಿಡಿದು ಪಕ್ಕದ ಮನೆಗೆ ಹೋಗಬೇಕಾಯಿತು. ಅಕ್ಕ ಉಂಡು ಹೊರಡುವಾಗ ನನ್ನನ್ನು ಕರೆದು, "ನಮ್ಮುಡುಗೀಗೆ ಮನೇಲಿ ಕಷ್ಟವಾ?" ಎಂದು ಪಿಸುಗುಟ್ಟಿದರು. ಅದು ಅತ್ತೆಯ ಕಿವಿಗೂ ಬಿತ್ತು. ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುಂಬಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ದೇವರ ಮೇಲೂ ಮಾವನವರ ಮೇಲೂ ಸೇರಿಸಿ ಸಿಟ್ಟು ಬಂತು.

"ಬೀಗದ್ ಕೈ ನನ್ನ ಸೊಂಟಕ್ಕೆ ಬರ್ಲಿ ಕಣಮ್ಮಿ, ಆಮೇಕೆ ನೋಡು" ಎಂದು ಮುಖ ತೊಳೆದುಕೊಂಡರು.

ಅಂತೂ ಶಿವರಾತ್ರಿ ಕಳೆಯಿತು. ನಾಲೆಯಾಚೆ ಹೊಸ ಕಟ್ಟೆ ಎದ್ದಿತು. ಪರದ ದಿನ ಬೆಳಗ್ಗೆ ಗಂಡಸರೆಲ್ಲ ತಲೆಗೆ ನೀರು ಹಾಕಿಕೊಂಡು, ತಮಟೆಯವರನ್ನು ಕರೆದುಕೊಂಡು ನಮ್ಮ ಅಂಗಳದಲ್ಲಿ ನೆರೆದರು. ಮಾವನವರು, ಪೂಜಾರಪ್ಪ, ನಮ್ಮೆಜಮಾನರು, ಮೈದುನ ಉಗ್ರಾಣದೊಳಕ್ಕೆ ಹೋದರು. ನಾವು ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಳಿತೆವು. ತಮಟೆ ಒಂದು ಸುತ್ತು ಬಡಿದು ನಿಂತಿತು. ಮತ್ತೆ ಬಡಿದು ನಿಂತಿತು. ದೇವರು ಹೊರಡಲಿಲ್ಲ. ಒಳಗಿನಿಂದ ಪಿಸುಮಾತು ಕೇಳಿಸಿತು, ಆಮೇಲೆ ಮಾವನವರ ಗರ್ಜನೆ.

"ಮಂಕರೀಲಿ ಈರುಳ್ಳಿ ಐತಲ್ಲೋ! ದ್ಯಾವ್ರೆಲ್ಲೋ?"

ಮೈದುನ ಬಾಯಿಬಿಟ್ಟ. ಅವರೆಕಾಯಿ ಕಾಲದಲ್ಲಿ ಗಂಟು ಕಟ್ಟಲು ಬಟ್ಟೆ ಸಿಕ್ಕದೆ ದೇವರ ಪಂಚೆ ಬಿಚ್ಚಿಕೊಂಡಿದ್ದನಂತೆ. ಈರುಳ್ಳಿಗೆ ಜಾಗ ಬೇಕೆಂದು ಮಂಕರಿ ಖಾಲಿ ಮಾಡಿದ್ದನಂತೆ. ದೇವರನ್ನು ಮರ್ಯಾದೆಯಾಗಿ ಒಂದು ಕಡೆ ಇಟ್ಟಿದ್ದನಂತೆ. ಆ ಒಂದು ಕಡೆ ಯಾವ ಕಡೆ ಎಂಬುದು ಮರೆತುಹೋಗಿತ್ತು.

ಉಗ್ರಾಣದಲ್ಲಿ ಕಲ್ಲಿಗೇನು ಬರವೇ? ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೊಂದು, ಇಲಿ ನುಗ್ಗದ ಹಾಗೆ ಬೆಲ್ಲದ ಮಡಕೆಯ ಮೇಲೊಂದು, ಸವೆದುಹೋದ ಅರೆಯುವ ಗುಂಡು ಒಂದು, ಗುಡಾಣಗಳು ಉರುಳದಂತೆ ಬುಡಕ್ಕೆ ಒತ್ತಿದವು ಮತ್ತಷ್ಟು. ಎಲ್ಲ ತೋಪಿನಯ್ಯನಂತೆಯೇ ತೆಂಗಿನಕಾಯಿ ಗಾತ್ರದ ಗುಂಡುಕಲ್ಲುಗಳು. ಯಾವಾಗಲೋ ಒಡೆದ ಅರಿಶಿನದ ಮಡಕೆಯ ಪುಡಿ ಎಲ್ಲಕ್ಕೂ ಮೆತ್ತಿತ್ತು. ಗಂಡಸರು ಎಲ್ಲವನ್ನೂ ಹೆಕ್ಕಿ ಸಾಲಾಗಿ ಇಟ್ಟರು. ಬುಡದ ಕಲ್ಲು ತೆಗೆದ ಮೇಲೆ ಗುಡಾಣಗಳು ವಾಲತೊಡಗಿದ್ದರಿಂದ ನಮ್ಮೆಜಮಾನರು ರಾಗಿಯ ಗುಡಾಣವನ್ನೂ ಮೈದುನ ಹುರುಳಿಯ ಗುಡಾಣವನ್ನೂ ತಬ್ಬಿಕೊಂಡು ನಿಲ್ಲಬೇಕಾಯಿತು. ಮಾವನವರು ಸಾಲಿನ ಮುಂದೆ ನಿಂತು ತಲೆ ಕೆರೆದುಕೊಂಡರು. ಹುಟ್ಟಿದಾಗಿನಿಂದ ವರ್ಷವರ್ಷ ನೋಡಿದ ದೇವರು. ಆದರೆ ನೋಡಿದ್ದು ಅರಿಶಿನ, ಕುಂಕುಮ, ಹೂವು ಮತ್ತು ಬೆಳ್ಳಿ ಕಣ್ಣುಗಳನ್ನು.

ಪೂಜಾರಪ್ಪನಿಗೆ ಒಂದು ಉಪಾಯ ಹೊಳೆಯಿತು. ಬೆಳ್ಳಿ ಕಣ್ಣು ಯಾವ ಕಲ್ಲಿಗೆ ಒಪ್ಪುತ್ತದೋ ಅದೇ ತೋಪಿನಯ್ಯ. ಮೇಣ ಹಚ್ಚಿ ಕಣ್ಣು ಅಂಟಿಸಿದರು. ಮೊದಲನೆಯದಕ್ಕೆ ಅಂಟಿಸಿದೊಡನೆ ಅದು ದುರುಗುಟ್ಟಿ ನೋಡಿತು. ನಾಲ್ವರೂ ಕೈಮುಗಿದರು. ಅನುಮಾನ ಬಂದು ಎರಡನೆಯದಕ್ಕೆ ಅಂಟಿಸಿದರು. ಅದೂ ದುರುಗುಟ್ಟಿತು. ಅದಕ್ಕೂ ಕೈಮುಗಿದರು. ಹೀಗೆ ಉಪ್ಪಿನಕಾಯಿ ಕಲ್ಲಿಗೂ ಅರೆಯುವ ಗುಂಡಿಗೂ ಕೈಮುಗಿದು ಮುಗಿಸಿದರು. ಬೆಳ್ಳಿ ಕಣ್ಣು ಯಾವುದಕ್ಕೂ ಒಲ್ಲೆ ಎನ್ನಲಿಲ್ಲ. ಇದನ್ನೆಲ್ಲ ಆಮೇಲೆ ನಮ್ಮೆಜಮಾನರು ನಗು ತಡೆಯಲಾರದೆ ನನಗೆ ಹೇಳಿದರು. ಆಗ ಮಾತ್ರ ಯಾರಿಗೂ ನಗು ಬರಲಿಲ್ಲ. ಹೊರಗೆ ಊರೇ ನಿಂತಿತ್ತು, ತೋಪಿನಯ್ಯನನ್ನು ಕಳೆದವನು ಎನ್ನಿಸಿಕೊಂಡು ಊರಲ್ಲಿ ಬಾಳುವುದು ಹೇಗೆ?

ಅಡುಗೆಮನೆಯ ಬಾಗಿಲು ತಟ್ಟಿದವರು ಮಾವನವರೇ. "ಲೇ, ನಿನ್ನ ಕಲ್ಲುಗಳು ನಿಂಗೆ ಗುರ್ತು ಅವಲ್ಲ? ಹೆಂಗವೆ ವಸಿ ಯೋಳು."

"ಕಣ್ಣಲ್ಲಿ ನೋಡ್ದೆ ಹೆಂಗ್ ಯೋಳ್ಲಿ?" ಎಂದರು ಅತ್ತೆ ಒಳಗಿನಿಂದಲೇ.

ಮತ್ತೆ ಪಿಸುಮಾತಿನ ಪಂಚಾಯಿತಿ. ಪೂಜಾರಪ್ಪ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟ. ದೇವರಿಗೆ ಈಗ ಕಣ್ಣಿಲ್ಲ. ಕಣ್ಣು ಇಡುವವರೆಗೆ ಅವನು ಬರಿ ಕಲ್ಲು. ಹೆಂಗಸು ಕಲ್ಲು ನೋಡಿದರೆ ದೋಷವಿಲ್ಲ.

ಅತ್ತೆ ಬಾಗಿಲು ತೆರೆದು ಅಂಗೈ ಚಾಚಿದರು. "ಮೊದ್ಲು ಬೀಗದ್ ಕೈ."

"ಪರ ಮುಗೀಲಿ ಅಂದಿದ್ನಲ್ಲಾ!"

"ಅಂಗಾರೆ ಪರ ಮುಗುಸ್ಕೊಂಡೇ ಬನ್ನಿ."

ಹೊರಗೆ ತಮಟೆಯವನು ಸುಮ್ಮನಿರಲಾರದೆ ಮತ್ತೊಂದು ಸುತ್ತು ಬಡಿದ. ಮಾವನವರು ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರು. ಉಗ್ರಾಣದ ಹೊಸ್ತಿಲಲ್ಲಿ ಒಂದು ಕಾಲು ಎತ್ತಿದವರು ಹಾಗೆಯೇ ಕೆಳಗಿಟ್ಟರು. ಅವರ ಮುಖದಲ್ಲಿ ಬೆವರು ಕಿತ್ತುಕೊಂಡಿತ್ತು. ಇಷ್ಟು ಜೋರು ಮಾಡಿದವರು ಈಗ ಯಾಕೆ ಹೆದರುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಳಕ್ಕೆ ಕಾಲಿಟ್ಟರು. ಹಿಂದೆಯೇ ನಾನೂ ನುಗ್ಗಿದೆ. ಬೇಡವೆನ್ನಲು ಯಾರಿಗೂ ಬಿಡುವಿರಲಿಲ್ಲ.

"ಇದು ಜಾಡಿ ಮ್ಯಾಲಿಂದು. ನಮ್ಮಪ್ಪನ ಊರ ಹೊಳೇದು" ಎಂದು ಒಂದನ್ನು ಪಕ್ಕಕ್ಕಿಟ್ಟರು. "ಇದು ಬೆಲ್ಲದ ಮಡಕೇದು. ಇದು ನಮ್ಮತ್ತೆ ಅರೀತಿದ್ದ ಗುಂಡು. ಇದು ರಾಗಿ ಗುಡಾಣದ್ದು, ಇದೂವೆ ಅದ್ರದ್ದೇ. ಇದು ಅವರೇದು." ಒಂದೊಂದನ್ನೂ ಎತ್ತಿ ಅದರ ಜಾಗಕ್ಕೆ ಒತ್ತುತ್ತಾ ಬಂದರು. ನಮ್ಮೆಜಮಾನರಿಗೆ ಗುಡಾಣದಿಂದ ಬಿಡುಗಡೆಯಾಯಿತು. ಕೊನೆಗೆ ಒಂದು ಕಲ್ಲು ಉಳಿಯಿತು. ಹುರುಳಿ ಗುಡಾಣದ ಬುಡದಿಂದ ತೆಗೆದದ್ದು. ಅತ್ತೆ ಕುಕ್ಕರುಗಾಲಲ್ಲಿ ಕುಳಿತು ಅದನ್ನೇ ನೋಡಿದರು, ಎಷ್ಟೋ ಹೊತ್ತು ನೋಡಿದರು.

"ಇದ ನಾನು ಕಂಡಿಲ್ಲ" ಎಂದರು.

ಗುರುತು ಸಿಕ್ಕಿದ್ದು ಹಾಗೆ. ಹುಟ್ಟಿದಾಗಿನಿಂದ ನೋಡಿದವರಿಗೆ ಗೊತ್ತಾಗದ ದೇವರು, ನೋಡಲೇ ಬಾರದೆಂದು ಹೇಳಿಸಿಕೊಂಡವರಿಗೆ ಗೊತ್ತಾದ. ಪೂಜಾರಪ್ಪ ಅವಸರ ಅವಸರವಾಗಿ ತನ್ನ ಹೆಗಲ ಪಂಚೆಯನ್ನೇ ಹೊದಿಸಿ, ಈರುಳ್ಳಿ ಸುರಿದು ಖಾಲಿ ಮಾಡಿದ ಮಂಕರಿಯಲ್ಲಿ ಮಲಗಿಸಿದ. ಮಾವನವರು ಮಂಕರಿ ತಲೆಗೇರಿಸಿಕೊಂಡು, ಹೋದ ಮರ್ಯಾದೆ ಬಂದ ಖುಷಿಗೆ ಅತ್ತೆಯ ಕಡೆ ತಿರುಗಿ, "ನೀನು ನೋಡಿದ್ದು ಬರೀ ಕಲ್ಲ ಕಣೆ. ದ್ಯಾವ್ರ ನೋಡ್ದೆ ಅಂತ ಎಲ್ಲೂ ಆಡ್ಬ್ಯಾಡ" ಎಂದರು.

"ಬರೀ ಕಲ್ಲಾ? ಅಂಗಾರೆ ಇಷ್ಟು ದಿನ ನನ್ನ ಉಗ್ರಾಣುಕ್ಕೆ ನನ್ನ ಯಾಕೆ ಬುಡ್ಲಿಲ್ಲ?"

ಅದಕ್ಕೆ ಉತ್ತರವಾಗಿ ತಮಟೆ ಜೋರಾಗಿ ಬಡಿಯಿತು. ಮೆರವಣಿಗೆ ಹೊರಟಿತು.

ಎಲ್ಲ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಅತ್ತೆ ಉಗ್ರಾಣದಿಂದ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಹುರುಳಿ ಗುಡಾಣಕ್ಕೆ ಒರಗಿ ಕುಳಿತಿದ್ದರು. ಬುಡದಲ್ಲಿ ಕಲ್ಲಿದ್ದ ಕಡೆ ಮಣ್ಣು ತಗ್ಗಾಗಿತ್ತು. ಆ ತಗ್ಗಿಗೆ ಅಂಗೈ ಇಟ್ಟು, "ಇಷ್ಟೇ ಇಷ್ಟು ಕಣಮ್ಮಿ ಅವ್ನು" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ಕರ ಹುಡೀಕಂಡು ತೋಪಿನ ವಳೀಕೆ ಓದೋಳು ನಾನೇ ಕಣಮ್ಮಿ. ಅವ್ನ ನೋಡ್ನಿಲ್ಲ, ಕರ ಇಡ್ಕೊಂಡು ಬಂದ್ಬುಟ್ಟೆ. ಮಳೆಗಾಲುಕ್ಕೆ ನನ್ನ ಮೊದಲ್ನೇ ಕೂಸಿಗೆ ಜ್ವರ ಬಂತು. ಹೆಣ್ಣು ಕೂಸು. ಉಳೀನಿಲ್ಲ. ನಿಂದೇ ತಪ್ಪು ಅಂದ್ರು ಎಲ್ಲಾರೂವೆ. ನಿಮ್ಮಾವ್ನೂ ಅಂದ್ರು. ನಾನೂ ಅಂಗೇ ಅನ್ಕಂಡಿದ್ದೆ. ಅವ್ನು ಆಳುದ್ದ ಇರ್ತಾನೆ, ಕೋರೆ ಹಲ್ಲಿರ್ತಾವೆ ಅಂತ ಕಣ್ಣು ಮುಚ್ಚುದ್ರೆ ಕಾಣ್ಸೋನು." ತಗ್ಗಿನ ಮಣ್ಣನ್ನು ಬೆರಳಿನಿಂದ ಸವರಿದರು. "ಹುರುಳಿ ಗುಡಾಣದಡಿ ಮಡುಗುದ್ರೆ ಮಡುಗ್ದಂಗೆ ಬಿದ್ದಿದ್ದ. ಇವ್ನಾ ನನ್ನ ಕೂಸ ತಕ್ಕೊಂಡೋನು? ಅಲ್ಲ ಕಣಮ್ಮಿ. ಜ್ವರ ಅದು. ಬರೀ ಜ್ವರ."

ಪಕ್ಕದಲ್ಲಿ ಕುಳಿತೆ. ಅವರು ಅತ್ತರು, ನನಗೂ ಅಳು ಬಂತು. ಆಮೇಲೆ ಅವರೇ ಎದ್ದು, ಗಂಡಸರು ಚೆಲ್ಲಾಡಿದ್ದ ಅಲಸಂದೆಯನ್ನೆಲ್ಲ ಗುಡಿಸಿ, ಒಂದು ಹೊಸ ಕಲ್ಲು ತಂದು ಹುರುಳಿ ಗುಡಾಣಕ್ಕೆ ಒತ್ತಿ, ಬೀಗ ಹಾಕಿದರು.

ಮರುವರ್ಷ ಪರದ ಬೆಳಗ್ಗೆ ನಾವಿಬ್ಬರೂ ನಾಲೆಯ ದಡಕ್ಕೆ ಹೋದೆವು. ಈಗ ನಾಲೆಯೇ ಎಲ್ಲೆ. ಮಾವನವರೂ ಇನ್ನಿಬ್ಬರೂ ಕಾಲುಸೇತುವೆ ದಾಟಿ ಬಂದು ಮಸಾಲೆಯ ಬೋಸಿಗೆ ಕೈ ನೀಡಿದರು. ಅತ್ತೆ ಬೋಸಿ ಕೊಟ್ಟರು. ಒಳಗೆ ಉಂಡೆ ಇರಲಿಲ್ಲ. ಒಣ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಅವುಗಳ ಮೇಲೆ ಅತ್ತೆಯ ಅತ್ತೆ ಅರೆಯುತ್ತಿದ್ದ ಗುಂಡು. ಮಾವನವರು ಬಾಯಿ ತೆರೆಯುವ ಮೊದಲೇ ಅತ್ತೆ ಅದರ ಮೇಲೆ ಬೆರಳಿಟ್ಟರು.

"ಇದು ಅರಿಯೋ ಗುಂಡು. ದ್ಯಾವ್ರಲ್ಲ. ಸರ್ಯಾಗಿ ಗುರ್ತ ಮಡೀಕಳಿ."